ಎಂಟು ವರ್ಷ ಕೋಡ್ ಬರೆದಾಯ್ತು, ಈಗ ಕ್ವಾಂಟ್ ಆಗಬಹುದಾ?

ಅರ್ಧವಿರಾಮ:
ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ಬ್ಯಾಕೆಂಡ್ ಕೆಲಸ. ಜಾವಾ, ಸ್ವಲ್ಪ ಪೈಥಾನ್, ಡೇಟಾಬೇಸ್, ರಾತ್ರಿ ಎರಡಕ್ಕೆ ಫೋನ್ ಬಂದರೆ ಎದ್ದು ಲಾಗ್ ನೋಡುವುದು. ವಯಸ್ಸು 33. ಇಂಜಿನಿಯರಿಂಗ್ ಓದುವಾಗ ಗಣಿತ ಇಷ್ಟ ಇತ್ತು, ಆದರೆ ಕಾಲೇಜು ಬಿಟ್ಟ ಮೇಲೆ ಒಂದು ಇಂಟಿಗ್ರಲ್ ಕೂಡ ಬಿಡಿಸಿಲ್ಲ.

ಆರು ತಿಂಗಳಿಂದ ಕ್ವಾಂಟ್ ಫೈನಾನ್ಸ್ (ಗಣಿತ, ಕೋಡ್ ಇಟ್ಟುಕೊಂಡು ಮಾರುಕಟ್ಟೆಯಲ್ಲಿ ಕೆಲಸ ಮಾಡುವುದು) ಹುಚ್ಚು ಹಿಡಿದಿದೆ. ಹಣ ಜಾಸ್ತಿ ಅನ್ನುವುದು ಒಂದು ಕಾರಣ, ಸುಳ್ಳು ಹೇಳುವುದಿಲ್ಲ. ಇನ್ನೊಂದು, ಈಗಿನ ಕೆಲಸದಲ್ಲಿ ತಲೆಗೆ ಏನೂ ಕೆಲಸ ಇಲ್ಲ. ಒಂದು ಕಡೆಯಿಂದ ಬಂದ ಜೇಸನ್ ಡೇಟಾವನ್ನು ಇನ್ನೊಂದು ಕಡೆಗೆ ಸಾಗಿಸುವ ಕೂಲಿ ಅಷ್ಟೇ.

33ಕ್ಕೆ ತಡವಾಯ್ತಾ? ಪಿಎಚ್‌ಡಿ ಇಲ್ಲದಿದ್ದರೆ ಒಳಗೆ ಬಿಡುತ್ತಾರಾ? ಎರಡು ವರ್ಷ ಕೆಲಸ ಬಿಟ್ಟು ಮಾಸ್ಟರ್ಸ್ ಮಾಡಬೇಕಾ? ಸ್ಟೊಕ್ಯಾಸ್ಟಿಕ್ ಕ್ಯಾಲ್ಕುಲಸ್ (ಗೊತ್ತುಗುರಿ ಇಲ್ಲದ ಏರಿಳಿತಗಳ ಗಣಿತ) ಪುಸ್ತಕ ಒಂದನ್ನು ಹಿಡಿದಿದ್ದೇನೆ, ಮೂರನೇ ಅಧ್ಯಾಯದಲ್ಲಿ ಗಾಡಿ ನಿಂತಿದೆ.

ಹಾಗಂತ ಸುಮ್ನೆ ಕೂತಿಲ್ಲ. ಷೇರು ಯಾವಾಗ ಕೊಳ್ಳಬೇಕು, ಮಾರಬೇಕು ಎನ್ನುವ ಒಂದು ಸ್ಟ್ರಾಟಜಿ ಬರೆದು 10 ವರ್ಷದ ಡೇಟಾ ಮೇಲೆ ಓಡಿಸಿದ್ದೇನೆ. ಶಾರ್ಪ್ ರೇಷಿಯೋ (ಏರಿಳಿತಕ್ಕೆ ಹೋಲಿಸಿದರೆ ಲಾಭ ಎಷ್ಟು ಎಂಬ ಅಳತೆ) 3.1 ಬರುತ್ತಿದೆ. ಇದನ್ನು ರೆಸ್ಯೂಮೆಯಲ್ಲಿ ಹಾಕಬಹುದಾ?

ಸುಮ್ನೆ ಓದುವವ:
3.1 ಬರುತ್ತಿದ್ದರೆ ಕೆಲಸ ಯಾಕೆ ಹುಡುಕುತ್ತೀರಿ ಸರ್, ನೀವೇ ನಮಗೆ ಕೆಲಸ ಕೊಡಿ.

ರಿಸ್ಕ್ ಅಕ್ಕ:
3.1ರ ಕಥೆ ಆಮೇಲೆ ನೋಡೋಣ. ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಕ್ವಾಂಟ್ ಅನ್ನುವುದು ಒಂದು ಕೆಲಸ ಅಲ್ಲ, ನಾಲ್ಕೈದು ಕೆಲಸಗಳಿಗೆ ಇಟ್ಟ ಒಂದೇ ಹೆಸರು. ಬೆಲೆ ಯಾವ ಕಡೆ ವಾಲಬಹುದು ಎಂದು ಡೇಟಾದಲ್ಲಿ ಜಾಲಾಡುವವರು ರಿಸರ್ಚರ್. ಅವರ ಐಡಿಯಾವನ್ನು ನಿಜವಾದ ಆರ್ಡರ್ ಮಾಡಿ ಮಾರುಕಟ್ಟೆಗೆ ಕಳಿಸುವ ಯಂತ್ರ ಕಟ್ಟುವವರು ಕ್ವಾಂಟ್ ಡೆವಲಪರ್. ಬ್ಯಾಂಕಿನಲ್ಲಿ ಕೂತು ಆಪ್ಷನ್ (ಗೊತ್ತು ಮಾಡಿದ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕು), ಪಾವತಿ ಅದಲುಬದಲು ಮಾಡಿಕೊಳ್ಳುವ ಸ್ವಾಪ್‌ಗಳಿಗೆ ಬೆಲೆ ಕಟ್ಟುವ ಮಾಡೆಲ್ ಬರೆಯುವವರು ಪ್ರೈಸಿಂಗ್ ಕ್ವಾಂಟ್. ಅವರು ಬರೆದದ್ದರಲ್ಲಿ ತಕರಾರು ತೆಗೆಯಲೆಂದೇ ಸಂಬಳ ಪಡೆಯುವವರು ಮಾಡೆಲ್ ವ್ಯಾಲಿಡೇಷನ್‌ನವರು. ನಾನು ಈ ಕೊನೆಯ ಗುಂಪು. ಮನೆಯಲ್ಲೂ ಅದೇ ಅಭ್ಯಾಸ ಎಂದು ದೂರು ಇದೆ.

ನೀವು ಹೋಗಬೇಕೆಂದಿರುವುದು ಯಾವುದಕ್ಕೆ? ಅದರ ಮೇಲೆ ನಿಮ್ಮ ಎಲ್ಲ ಪ್ರಶ್ನೆಗಳ ಉತ್ತರ ಬದಲಾಗುತ್ತದೆ. ಡೆವಲಪರ್ ಬಾಗಿಲಿಗೆ ಪಿಎಚ್‌ಡಿ ಬೇಕಿಲ್ಲ, 33 ಏನೂ ತಡ ಅಲ್ಲ. ರಿಸರ್ಚರ್ ಬಾಗಿಲು ಬೇರೆ, ಅಲ್ಲಿ ನಿಮ್ಮ ಪಕ್ಕದಲ್ಲಿ ಕೂತವರು ಐದಾರು ವರ್ಷ ಒಂದೇ ಪ್ರಶ್ನೆ ಹಿಡಿದು ಕೂತು ಬಂದವರು.

ಅರ್ಧವಿರಾಮ:
@ರಿಸ್ಕ್ ಅಕ್ಕ ರಿಸರ್ಚರ್ ಆಗಬೇಕು ಅಂತಲೇ ಆಸೆ ಮೇಡಂ.

ಲೂಪಿನೊಳಗೆ:
ಎಲ್ಲರಿಗೂ ಅದೇ ಆಸೆ. ಕ್ರಿಕೆಟ್ ಶುರು ಮಾಡಿದವರೆಲ್ಲ ಓಪನಿಂಗ್ ಬ್ಯಾಟ್ಸ್‌ಮನ್ ಆಗುತ್ತೇನೆ ಅಂದಂತೆ.

ನೇರಮಾತು:
ಪಿಎಚ್‌ಡಿ ಪಿಎಚ್‌ಡಿ ಎಂದು ಹೆದರಿಸಬೇಡಿ. ಕ್ವಾಂಟ್ ಕಂಪನಿ ರೆನೈಸಾನ್ಸ್ ಟೆಕ್ನಾಲಜೀಸ್ ಕಟ್ಟಿದ ಜಿಮ್ ಸೈಮನ್ಸ್ ಗಣಿತದ ಪ್ರೊಫೆಸರ್ ಆಗಿದ್ದವರು, ಫೈನಾನ್ಸ್ ಓದಿದವರನ್ನು ದೂರವೇ ಇಟ್ಟಿದ್ದರು. 1993ರಲ್ಲಿ ಅವರು ಸೇರಿಸಿಕೊಂಡ ಪೀಟರ್ ಬ್ರೌನ್ ಮತ್ತು ರಾಬರ್ಟ್ ಮರ್ಸರ್ ಐಬಿಎಂನಲ್ಲಿ ಕಂಪ್ಯೂಟರಿಗೆ ಮಾತು ಅರ್ಥ ಮಾಡಿಸುವ ಕೆಲಸದಲ್ಲಿದ್ದವರು. ಷೇರು ಗೀರು ಗೊತ್ತಿರಲಿಲ್ಲ. ಪ್ರೋಗ್ರಾಮರ್‌ಗಳೇ ತಾನೇ?

ಗಣಿತದ ಮೇಷ್ಟ್ರು:
@ನೇರಮಾತು ಅರ್ಧ ಸರಿ, ಅರ್ಧ ತಪ್ಪು. ಫೈನಾನ್ಸ್ ಗೊತ್ತಿರಲಿಲ್ಲ, ನಿಜ. ಆದರೆ ಅವರಿಬ್ಬರಿಗೂ ಕಂಪ್ಯೂಟರ್ ಸೈನ್ಸಿನಲ್ಲಿ ಪಿಎಚ್‌ಡಿ ಇತ್ತು. ಗದ್ದಲದ ನಡುವೆ ಸಣ್ಣ ಸಂಕೇತ ಹುಡುಕುವ ಸ್ಟ್ಯಾಟಿಸ್ಟಿಕ್ಸ್ ಅವರ ದಿನದ ಊಟವಾಗಿತ್ತು. ಮಾತಿನ ಬದಲು ಷೇರಿನ ಬೆಲೆ ಬಂತು, ಅಷ್ಟೇ. ಜೇಸನ್ ಸಾಗಿಸುತ್ತಿದ್ದವರಲ್ಲ.

ನೇರಮಾತು:
ಸರಿ ಮೇಷ್ಟ್ರೇ, ಪಿಎಚ್‌ಡಿ ವಿಷಯ ವಾಪಸ್ ತೆಗೆದುಕೊಂಡೆ. ಫೈನಾನ್ಸ್ ವಿಷಯ ತೆಗೆದುಕೊಳ್ಳುವುದಿಲ್ಲ.

ಗಣಿತದ ಮೇಷ್ಟ್ರು:
ಈಗ ಆ ಮೂರನೇ ಅಧ್ಯಾಯದ ಬಗ್ಗೆ. ಅಲ್ಲಿ ಎಲ್ಲರ ಗಾಡಿಯೂ ನಿಲ್ಲುತ್ತದೆ, ಬೇಜಾರು ಬೇಡ. ಮಾಮೂಲಿ ಕ್ಯಾಲ್ಕುಲಸ್‌ನಲ್ಲಿ ಸಣ್ಣ ಸಂಖ್ಯೆಯ ವರ್ಗವನ್ನು ಕಸ ಎಂದು ಬಿಸಾಡುತ್ತೇವೆ. ಬ್ರೌನಿಯನ್ ಚಲನೆಯಲ್ಲಿ (ಕ್ಷಣ ಕ್ಷಣಕ್ಕೂ ಗೊತ್ತುಗುರಿ ಇಲ್ಲದೆ ಅಲುಗಾಡುವ ಚಲನೆ) ಹಾಗೆ ಬಿಸಾಡಲು ಆಗುವುದಿಲ್ಲ, ಆ ವರ್ಗಗಳನ್ನೆಲ್ಲ ಕೂಡಿಸಿದರೆ ಕಳೆದ ಸಮಯದಷ್ಟೇ ಆಗುತ್ತದೆ. ಇಂಥ ಚಲನೆಗೆ ಬಳಸುವ ಇಟೋ ಸೂತ್ರದಲ್ಲಿ ಜಾಸ್ತಿಯಾಗಿ ಬಂದು ಕೂರುವ ಆ ಒಂದು ಪದ ಇಲ್ಲಿಂದ ಬಂದದ್ದು. ನಂಬಿಕೆ ಬರದಿದ್ದರೆ ಕೋಡ್ ಬರೆಯಿರಿ: ಒಂದು ಸೆಕೆಂಡನ್ನು 10 ಸಾವಿರ ಚೂರು ಮಾಡಿ, ಪ್ರತಿ ಚೂರಿಗೂ ಒಂದು ರ‍್ಯಾಂಡಮ್ ಹೆಜ್ಜೆ, ಹೆಜ್ಜೆಯ ಸರಾಸರಿ 0, ಸ್ಟ್ಯಾಂಡರ್ಡ್ ಡೀವಿಯೇಷನ್ 0.01 ಇರಲಿ, ಹೆಜ್ಜೆಗಳ ವರ್ಗ ಕೂಡಿಸಿ. ಪ್ರತಿ ಸಲ 1ರ ಹತ್ತಿರವೇ ಬರುತ್ತದೆ. ನೀವು ಪ್ರೋಗ್ರಾಮರ್, ಕಣ್ಣಿಗೆ ಕಂಡ ಮೇಲೆ ಪುಸ್ತಕ ತಾನಾಗಿಯೇ ಮುಂದಕ್ಕೆ ಹೋಗುತ್ತದೆ.

ಟಿಕ್ ಟಿಕ್:
ಮೇಷ್ಟ್ರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಟ್ರೇಡಿಂಗ್ ಕಡೆ ಹೋಗುವವರಿಗೆ ಇಟೋ ಮೊದಲ ವರ್ಷ ಬೇಕಾಗುವುದೇ ಇಲ್ಲ. ನಾನು ಏಳು ವರ್ಷದಲ್ಲಿ ಒಂದು ಸಲ ಬಳಸಿದ್ದೇನೆ, ಅದೂ ಇಂಟರ್‌ವ್ಯೂನಲ್ಲಿ. ದಿನಾ ಬೇಕಾಗುವುದು ರಿಗ್ರೆಷನ್, ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ. ಮತ್ತೆ ಡೇಟಾ ತೊಳೆಯುವ ತಾಳ್ಮೆ.

ಗಣಿತದ ಮೇಷ್ಟ್ರು:
ಆಪ್ಷನ್ ಬೆಲೆ ಕಟ್ಟುವವರಿಗೆ ಬೇಕು ಸ್ವಾಮಿ. ಹಾಗೆ ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸೂತ್ರ 1973ರದ್ದು, ಇವತ್ತಿಗೂ ಮಾತಾಡುವುದು ಅದೇ ಭಾಷೆ.

ಟಿಕ್ ಟಿಕ್:
ಆ ಸೂತ್ರ ಏರಿಳಿತ ಯಾವಾಗಲೂ ಒಂದೇ ಇರುತ್ತದೆ ಎಂದುಕೊಳ್ಳುತ್ತದೆ. 1987ರ ಅಕ್ಟೋಬರ್ 19ಕ್ಕೆ ಅಮೆರಿಕದ ಷೇರು ಸೂಚ್ಯಂಕ ಡೌ ಜೋನ್ಸ್ ಒಂದೇ ದಿನ 22.6% ಬಿತ್ತು. ಅವತ್ತಿನಿಂದ ಸ್ಟ್ರೈಕ್ ಬೆಲೆ (ಆಪ್ಷನ್‌ನಲ್ಲಿ ಗೊತ್ತು ಮಾಡಿದ ಬೆಲೆ) ಕೆಳಗೆ ಹೋದಷ್ಟೂ ಆಪ್ಷನ್ ಸೂತ್ರ ಹೇಳುವುದಕ್ಕಿಂತ ದುಬಾರಿ. ಸೂತ್ರ ಇದೆ, ಮಾರುಕಟ್ಟೆ ಅದನ್ನು ನಂಬುವುದಿಲ್ಲ.

ರಿಸ್ಕ್ ಅಕ್ಕ:
ಇಬ್ಬರೂ ಸರಿ, ಬೇರೆ ಬೇರೆ ಕೆಲಸದ ಬಗ್ಗೆ ಜಗಳ ಆಡುತ್ತಿದ್ದೀರಿ. ನಾನು ಮೊದಲೇ ಹೇಳಿದೆ ಅಲ್ವಾ.

ಹಳೇ ಸರ್ವರ್:
ಗಣಿತ ಬಂದರೆ ಎಲ್ಲ ಬಂತು ಅನ್ನುವವರಿಗೆ: ಅದೇ ಸೂತ್ರದ ಹಿಂದಿದ್ದ ಮರ್ಟನ್ ಮತ್ತು ಶೋಲ್ಸ್ ಅವರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್. ಅವರಿಬ್ಬರೂ ಪಾಲುದಾರರಾಗಿದ್ದ ಹೂಡಿಕೆ ಕಂಪನಿ ಎಲ್‌ಟಿಸಿಎಂ 1998ರಲ್ಲಿ ಮುಳುಗಿತು. ಎತ್ತಲು ಬ್ಯಾಂಕುಗಳೆಲ್ಲ ಸೇರಿ ಸುಮಾರು 360 ಕೋಟಿ ಡಾಲರ್ ಹಾಕಬೇಕಾಯ್ತು.

ಸುಮ್ನೆ ಓದುವವ:
ನೊಬೆಲ್ ಬಂದ ಮೇಲೆ ರಜೆ ಹಾಕಿ ಮನೆಯಲ್ಲಿ ಇರಬೇಕಿತ್ತು.

ಮಧ್ಯರಾತ್ರಿ ಡಿಪ್ಲಾಯ್:
ನಾನು ನಿಮ್ಮ ಹಾಗೆಯೇ ಬ್ಯಾಕೆಂಡ್‌ನಿಂದ ಟ್ರೇಡಿಂಗ್ ಕಂಪನಿಗೆ ಡೆವಲಪರ್ ಆಗಿ ಹೋದವನು. ಒಂದು ಮಾತು ಹೇಳುತ್ತೇನೆ, ಯಾರೂ ಹೇಳುವುದಿಲ್ಲ. ರಾತ್ರಿ ಎರಡಕ್ಕೆ ಎದ್ದು ಲಾಗ್ ನೋಡುವ ಕೆಲಸ ಎಂದು ಮುಖ ಸಣ್ಣ ಮಾಡಿಕೊಂಡು ಬರೆದಿದ್ದೀರಲ್ಲ, ಅದೇ ನಿಮ್ಮ ಆಸ್ತಿ.

ಅಮೆರಿಕದ ಟ್ರೇಡಿಂಗ್ ಕಂಪನಿ ನೈಟ್ ಕ್ಯಾಪಿಟಲ್ ಕಥೆ ನೋಡಿ. 2012 ಆಗಸ್ಟ್ 1. ಎಂಟು ಸರ್ವರ್‌ಗೆ ಹೊಸ ಕೋಡ್ ಹಾಕಬೇಕಿತ್ತು, ಏಳಕ್ಕೆ ಹಾಕಿದರು, ಒಂದು ಮರೆತರು. ಹೊಸ ಕೋಡಿಗೆ ಬಳಸಿದ ಫ್ಲ್ಯಾಗ್ (ಕೋಡನ್ನು ಆನ್ ಮಾಡುವ ಸ್ವಿಚ್) ಹಳೆಯದು, 2003ರಲ್ಲೇ ಬಳಕೆ ನಿಲ್ಲಿಸಿದ್ದ ಒಂದು ಫಂಕ್ಷನ್‌ದು. ಆ ಸತ್ತ ಫಂಕ್ಷನ್ ಎಂಟನೇ ಸರ್ವರ್‌ನಲ್ಲಿ ಇನ್ನೂ ಕೂತಿತ್ತು. ಮಾರುಕಟ್ಟೆ ತೆರೆದ ತಕ್ಷಣ ಎದ್ದು ಆರ್ಡರ್ ಮೇಲೆ ಆರ್ಡರ್ ಕಳಿಸಿತು. ಎಷ್ಟು ಷೇರು ಸಿಕ್ಕಿದೆ ಎಂದು ಲೆಕ್ಕ ಇಡುವ ಭಾಗವನ್ನು ಹಿಂದೆ ಯಾವಾಗಲೋ ಬೇರೆ ಕಡೆಗೆ ಸರಿಸಿದ್ದರು, ಹಾಗಾಗಿ ಸಾಕು ಎಂದು ನಿಲ್ಲಿಸುವವರೇ ಇರಲಿಲ್ಲ. 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಜಾಸ್ತಿ ನಷ್ಟ.

ಇದರಲ್ಲಿ ನನ್ನ ಹೊಟ್ಟೆ ಉರಿಸುವ ವಿಷಯ ಬೇರೆ. ಅವತ್ತು ಮಾರುಕಟ್ಟೆ ತೆರೆಯುವ ಮುಂಚೆಯೇ ಸಿಸ್ಟಮ್ 97 ಈಮೇಲ್ ಕಳಿಸಿತ್ತು, ಆ ಹಳೇ ಫಂಕ್ಷನ್ನಿನ ಹೆಸರು ಹಿಡಿದು. ಅವು ಅಲಾರಂ ಅಲ್ಲ ಎಂದು ಯಾರೂ ನೋಡಲಿಲ್ಲ. ನಮ್ಮ ಇನ್‌ಬಾಕ್ಸ್‌ನಲ್ಲೂ ಅಂಥ ಒಂದು ಫೋಲ್ಡರ್ ಇದೆ ಅಲ್ವಾ, ನಿಜ ಹೇಳಿ.

ಹಳೇ ಸರ್ವರ್:
ಇದೆ. 14 ಸಾವಿರ ಓದದ ಮೇಲ್. ಈಗ ತೆರೆಯಲು ಭಯ ಆಗುತ್ತಿದೆ.

ಲೂಪಿನೊಳಗೆ:
ಯಾವ ಭಾಷೆ ಕಲಿಯಬೇಕು ಅದನ್ನು ಹೇಳಿ. ಸಿ++ ಇಲ್ಲದೆ ಆಗುವುದಿಲ್ಲ ಅನ್ನುತ್ತಾರೆ.

ಮಧ್ಯರಾತ್ರಿ ಡಿಪ್ಲಾಯ್:
ವೇಗವೇ ಬಂಡವಾಳ ಆಗಿರುವ ಕಡೆ ಸಿ++ ಬೇಕು, ಅದಕ್ಕೂ ಮೇಲೆ, ಬೇಕಾದ ಹಾಗೆ ಸರ್ಕ್ಯೂಟ್ ಬದಲಿಸಿಕೊಳ್ಳಬಹುದಾದ ಎಫ್‌ಪಿಜಿಎ ಚಿಪ್‌ನಲ್ಲೇ ಪ್ರೋಗ್ರಾಮಿನ ತರ್ಕ ಇಳಿಸುತ್ತಾರೆ. ರಿಸರ್ಚ್ ಕಡೆ ಪೈಥಾನ್. ಟ್ರೇಡಿಂಗ್ ಕಂಪನಿ ಜೇನ್ ಸ್ಟ್ರೀಟ್‌ನವರು ಓಕ್ಯಾಮಲ್ ಎಂಬ ಭಾಷೆ ಬಳಸುತ್ತಾರೆ. ಜಾವಾ ಬಳಸುವವರೂ ಬೇಕಾದಷ್ಟು ಇದ್ದಾರೆ.

ನೇರಮಾತು:
ಜಾವಾದಲ್ಲಿ ಗಾರ್ಬೇಜ್ ಕಲೆಕ್ಷನ್ (ಬಳಸಿ ಬಿಟ್ಟ ಮೆಮೊರಿ ಗುಡಿಸಲು ಪ್ರೋಗ್ರಾಂ ತಡೆದು ನಿಲ್ಲುವುದು) ಬಂದಾಗ ಏನು, ಮಾರುಕಟ್ಟೆಗೆ ಸ್ವಲ್ಪ ಕಾಯಿ ಅನ್ನುತ್ತಾರಾ?

ಮಧ್ಯರಾತ್ರಿ ಡಿಪ್ಲಾಯ್:
ದಿನವಿಡೀ ಹೊಸ ಆಬ್ಜೆಕ್ಟ್ ಸೃಷ್ಟಿಸದ ಹಾಗೆ ಬರೆಯುತ್ತಾರೆ. ಬೆಳಿಗ್ಗೆಯೇ ಬೇಕಾದಷ್ಟು ಮಾಡಿಟ್ಟುಕೊಂಡು ಅವನ್ನೇ ತಿರುಗಿ ತಿರುಗಿ ಬಳಸುವುದು. ನೋಡಲು ಜಾವಾ, ಬರೆಯುವ ಶೈಲಿ ಸಿ. ಓದಿದರೆ ಕಣ್ಣೀರು ಬರುತ್ತದೆ.

ಹೊರಬಂದವಳು:
ದೂರದ ಬೆಟ್ಟ ನುಣ್ಣಗೆ. ನಾನು ಹೋಗಿ ಮೂರು ವರ್ಷ ಇದ್ದು ವಾಪಸ್ ಬಂದಿದ್ದೇನೆ, ನನ್ನದೂ ಸ್ವಲ್ಪ ಕೇಳಿ. ಕಂಪನಿ ಹೆಸರು ಬೇಡ. ಕ್ವಾಂಟ್ ಡೆವಲಪರ್ ಎಂದು ಸೇರಿಸಿಕೊಂಡರು. ಸಿಕ್ಕಿದ್ದು ನನಗಿಂತ ಸ್ವಲ್ಪವೇ ಚಿಕ್ಕ ವಯಸ್ಸಿನ ಒಂದು ಸಿ++ ಲೈಬ್ರರಿ. ಒಂದು ಫಂಕ್ಷನ್ 4,000 ಸಾಲು. ಬರೆದವರು ಕೆಲಸ ಬಿಟ್ಟು ಹೋಗಿದ್ದರು, ಕಾಮೆಂಟ್ ಎಂದರೆ "ಇದನ್ನು ಮುಟ್ಟಬೇಡಿ" ಎಂಬ ಒಂದೇ ಸಾಲು. ಮುಟ್ಟಿದೆ. ಬಾಂಡ್ ಬೆಲೆಯ ಆರನೇ ದಶಮಾಂಶ ಬದಲಾಯ್ತು. ಅದು ಯಾಕೆ ಬದಲಾಯ್ತು ಎಂದು ಹುಡುಕಲು ಎರಡು ವಾರ. ಕೊನೆಗೆ ನೋಡಿದರೆ, ತಿಂಗಳ 31ನೇ ತಾರೀಖನ್ನು 30 ಎಂದು ಎಣಿಸುವ ಲೆಕ್ಕ. ಅದು ತಪ್ಪಲ್ಲ, ಕೆಲವು ಬಾಂಡ್‌ಗಳಿಗೆ ಬಡ್ಡಿ ಎಣಿಸುವ ಪದ್ಧತಿಯೇ ಹಾಗೆ, ಪ್ರತಿ ತಿಂಗಳಿಗೂ 30 ದಿನ, ವರ್ಷಕ್ಕೆ 360. ನಾನು ಅದನ್ನು ಬಗ್ ಎಂದು "ಸರಿ" ಮಾಡಿದ್ದೆ.

ರಿಸರ್ಚರ್‌ಗಳ ಜೊತೆ ಮೀಟಿಂಗ್‌ಗೆ ಕರೆಯುತ್ತಿದ್ದರು. ನನ್ನ ಪಾಲಿಗೆ ಬರುತ್ತಿದ್ದದ್ದು ಒಂದೇ ಪ್ರಶ್ನೆ, ಯಾವಾಗ ರೆಡಿ ಆಗುತ್ತದೆ. ಬಿಡುವಾಗ ಕಾಗದದಲ್ಲಿ ಸಹಿ ಹಾಕಿದ್ದ ನಾನ್-ಕಂಪೀಟ್ ಎದುರಿಗೆ ಬಂತು, ಆರು ತಿಂಗಳು ಅದೇ ಥರದ ಕೆಲಸಕ್ಕೆ ಬೇರೆ ಕಡೆ ಸೇರುವ ಹಾಗಿರಲಿಲ್ಲ. ಆಫರ್ ಬಂದಾಗ ಸಂಬಳದ ಸಾಲಿಗಿಂತ ಮೊದಲು ಆ ಸಾಲು ಓದಿ. ಆ ಅವಧಿಗೆ ಸಂಬಳ ಕೊಡುತ್ತಾರಾ ಇಲ್ಲವಾ ಅನ್ನುವುದನ್ನೂ.

ಸುಮ್ನೆ ಓದುವವ:
ಸಂಬಳ ಕೊಟ್ಟು ಆರು ತಿಂಗಳು ಮನೆಯಲ್ಲಿ ಕೂರಿಸುತ್ತಾರಾ? ಈ ಕೆಲಸಕ್ಕೆ ಅರ್ಜಿ ಎಲ್ಲಿ ಹಾಕಬೇಕು?

ಟಿಕ್ ಟಿಕ್:
ಡೆವಲಪರ್ ಆಗಿ ಹೋಗಿ ಒಳಗಿನಿಂದ ರಿಸರ್ಚರ್ ಆದವರೂ ಇದ್ದಾರೆ, ನಾನೇ ಒಬ್ಬ. ಆದರೆ ಎಲ್ಲ ಕಂಪನಿಯಲ್ಲೂ ಆ ಬಾಗಿಲು ಇರುವುದಿಲ್ಲ. ಕೆಲವು ಕಡೆ ಇಬ್ಬರ ನಡುವೆ ಗೋಡೆ, ಕೆಲವು ಕಡೆ ಒಂದೇ ಮೇಜು. ಇಂಟರ್‌ವ್ಯೂನಲ್ಲಿ ಕೇಳಿ: ಹೋದ ಎರಡು ವರ್ಷದಲ್ಲಿ ಎಷ್ಟು ಜನ ಹೀಗೆ ದಾಟಿದ್ದಾರೆ? ಉತ್ತರ ಹೇಳಲು ತಡವರಿಸಿದರೆ ಅದೇ ಉತ್ತರ.

ಮಾಸ್ಟರ್ಸ್ ಬಗ್ಗೆ: ಎರಡು ವರ್ಷದ ಸಂಬಳ ಬಿಟ್ಟು, ಮೇಲೆ ಫೀಸ್ ಕಟ್ಟಿ ಹೋಗುವುದಾದರೆ ಆ ಕೋರ್ಸ್ ಮುಗಿಸಿದವರು ಯಾವ ಕುರ್ಚಿಯಲ್ಲಿ ಕೂತಿದ್ದಾರೆ ಎಂದು ಮೊದಲು ನೋಡಿ. ನನ್ನ ಮಟ್ಟಿಗೆ, ಕೆಲಸದಲ್ಲಿದ್ದುಕೊಂಡೇ ಒಂದು ವರ್ಷ ಪ್ರಾಬಬಿಲಿಟಿ ಗಟ್ಟಿ ಮಾಡಿಕೊಳ್ಳುವುದು ವಾಸಿ.

ಗಣಿತದ ಮೇಷ್ಟ್ರು:
ಇದನ್ನು ಒಪ್ಪುತ್ತೇನೆ. ಇಂಟರ್‌ವ್ಯೂ ರುಚಿಗೆ ಒಂದು ಪ್ರಶ್ನೆ. ನಾಣ್ಯ ಚಿಮ್ಮುತ್ತಾ ಹೋಗಿ. ಸಾಲಾಗಿ ಹೆಡ್-ಹೆಡ್ ಬರಲು ಸರಾಸರಿ ಎಷ್ಟು ಸಲ ಚಿಮ್ಮಬೇಕು? ಹೆಡ್-ಟೇಲ್ ಬರಲು?

ಲೂಪಿನೊಳಗೆ:
ಎರಡಕ್ಕೂ ಸಂಭವನೀಯತೆ ಕಾಲು ಭಾಗ. ಎರಡಕ್ಕೂ 4.

ನೇರಮಾತು:
ನನ್ನದೂ 4.

ಅರ್ಧವಿರಾಮ:
ಸಿಮ್ಯುಲೇಷನ್ ಓಡಿಸಿದೆ. ಹೆಡ್-ಟೇಲ್‌ಗೆ 4, ಹೆಡ್-ಹೆಡ್‌ಗೆ 6 ಬರುತ್ತಿದೆ! ಯಾಕೆ?

ಗಣಿತದ ಮೇಷ್ಟ್ರು:
ಭೇಷ್. ಒಂದು ಹೆಡ್ ಬಿದ್ದಿದೆ ಎಂದುಕೊಳ್ಳಿ. ನಿಮಗೆ ಬೇಕಿದ್ದದ್ದು ಟೇಲ್, ಬಂದದ್ದು ಹೆಡ್. ನಷ್ಟ ಇಲ್ಲ, ಇನ್ನೂ ಒಂದು ಹೆಡ್ ಕೈಯಲ್ಲೇ ಇದೆ. ಬೇಕಿದ್ದದ್ದು ಹೆಡ್, ಬಂದದ್ದು ಟೇಲ್. ಆಗ ಮೊದಲಿನಿಂದ ಶುರು. ಆ ಜಾಸ್ತಿ 2 ಅಲ್ಲಿಂದ ಬಂತು. ಇಂಟರ್‌ವ್ಯೂನಲ್ಲಿ ಕಂಪ್ಯೂಟರ್ ಕೊಡುವುದಿಲ್ಲ, ಪೆನ್ನು ಕೊಡುತ್ತಾರೆ.

ರಿಸ್ಕ್ ಅಕ್ಕ:
ಈಗ 3.1ಕ್ಕೆ ಬರೋಣ. @ಅರ್ಧವಿರಾಮ ನಿಯಮ ಏನು, ಒಂದೆರಡು ಸಾಲಿನಲ್ಲಿ ಹೇಳಿ.

ಅರ್ಧವಿರಾಮ:
ಸರಳ ಮೇಡಂ. ಇವತ್ತಿನ ಕ್ಲೋಸ್ ಬೆಲೆ ಹಿಂದಿನ 20 ದಿನದ ಸರಾಸರಿಗಿಂತ ಮೇಲಿದ್ದರೆ ಪೊಸಿಷನ್ 1 (ಷೇರು ಕೈಯಲ್ಲಿದೆ), ಇಲ್ಲದಿದ್ದರೆ 0. ಪ್ರತಿ ದಿನದ ಲಾಭ ಅಂದರೆ ಆ ದಿನದ ಪೊಸಿಷನ್ ಗುಣಿಸು ಆ ದಿನದ ರಿಟರ್ನ್. ಸೂಚ್ಯಂಕದಲ್ಲಿರುವ ಎಲ್ಲ ಷೇರಿಗೂ ಇದೇ.

ರಿಸ್ಕ್ ಅಕ್ಕ:
ಇವತ್ತಿನ ಕ್ಲೋಸ್ ಗೊತ್ತಾಗುವುದು ಯಾವಾಗ?

ಅರ್ಧವಿರಾಮ:
ಮಾರುಕಟ್ಟೆ ಮುಚ್ಚಿದಾಗ.

ಅರ್ಧವಿರಾಮ:
ಅಯ್ಯೋ.

ಟಿಕ್ ಟಿಕ್:
😂 ಎಲ್ಲರೂ ಒಂದು ಸಲ ಈ ಗುಂಡಿಗೆ ಬಿದ್ದವರೇ. ಸಂಜೆ ಗೊತ್ತಾದ ಸುದ್ದಿ ಇಟ್ಟುಕೊಂಡು ಬೆಳಿಗ್ಗೆ ಷೇರು ಕೊಂಡಿದ್ದೀರಿ. ಬೆಲೆ ಜೋರಾಗಿ ಏರಿದ ದಿನವೇ ತಾನೇ ಅದು ಸರಾಸರಿ ದಾಟುವುದು? ಆ ಏರಿಕೆ ನಿಮ್ಮ ಜೇಬಿಗೆ ಸೇರಿಬಿಟ್ಟಿದೆ. ಪೊಸಿಷನ್ ಕಾಲಮ್ಮನ್ನು ಒಂದು ದಿನ ಕೆಳಗೆ ಸರಿಸಿ. ಪೈಥಾನಿನ ಡೇಟಾ ಲೈಬ್ರರಿ ಪಾಂಡಾಸ್‌ನಲ್ಲಿ ಒಂದು ಶಿಫ್ಟ್, ಅಷ್ಟೇ.

ಅರ್ಧವಿರಾಮ:
ಸರಿಸಿದೆ. 3.1 ಇದ್ದದ್ದು 0.6 ಆಯ್ತು. ಇದೂ ಪರವಾಗಿಲ್ಲ ಅಲ್ವಾ?

ಗಣಿತದ ಮೇಷ್ಟ್ರು:
ಶಾರ್ಪ್ ಅನ್ನು ವರ್ಷಗಳ ವರ್ಗಮೂಲದಿಂದ ಗುಣಿಸಿದರೆ ಟಿ ಬೆಲೆ (ಫಲಿತಾಂಶ ಬರೀ ಅದೃಷ್ಟವಾ ಅಲ್ಲವಾ ಎಂದು ಅಳೆಯುವ ಸಂಖ್ಯೆ) ಎಷ್ಟೆಂದು ಅಂದಾಜು ಸಿಗುತ್ತದೆ. 10ರ ವರ್ಗಮೂಲ 3.16, ಗುಣಿಸಿದರೆ 1.9. ಎಲ್ಲರೂ ನೋಡುವ ಗೆರೆ 2. ಹತ್ತಿರ ಹತ್ತಿರ ಬಂದಿದೆ.

ರಿಸ್ಕ್ ಅಕ್ಕ:
ಮೇಷ್ಟ್ರೇ, ಅಷ್ಟು ಬೇಗ ಸಲಿಗೆ ಕೊಡಬೇಡಿ. 20 ದಿನ ಎಲ್ಲಿಂದ ಬಂತು? ಬೇರೆ ಸಂಖ್ಯೆ ಹಾಕಿ ನೋಡಲಿಲ್ಲವಾ?

ಅರ್ಧವಿರಾಮ:
5ರಿಂದ 64ರವರೆಗೆ ಎಲ್ಲ ಓಡಿಸಿ ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡೆ...

ರಿಸ್ಕ್ ಅಕ್ಕ:
60 ಸಲ ಪ್ರಯತ್ನ. ಒಳಗೆ ಏನೂ ಇಲ್ಲದಿದ್ದರೂ 5% ಗೆರೆಯಲ್ಲಿ (ನೂರಕ್ಕೆ ಐದು ಸಲ ಬರೀ ಅದೃಷ್ಟದಿಂದಲೇ ದಾಟುವ ಗೆರೆ) ಸರಾಸರಿ ಮೂರು "ಚೆನ್ನಾಗಿ" ಬಂದೇ ಬರುತ್ತವೆ. ನೀವು ಅದರಲ್ಲಿ ಒಂದನ್ನು ಎತ್ತಿಕೊಂಡಿರಬಹುದು. ಇನ್ನೊಂದು, ಸೂಚ್ಯಂಕದ ಷೇರು ಅಂದಿರಲ್ಲ, ಯಾವ ದಿನದ ಪಟ್ಟಿ?

ಅರ್ಧವಿರಾಮ:
ಇವತ್ತಿನದು.

ಹೊರಬಂದವಳು:
ಮುಳುಗಿದವರು, ಪಟ್ಟಿಯಿಂದ ಬಿದ್ದವರು ಯಾರೂ ನಿಮ್ಮ ಡೇಟಾದಲ್ಲಿ ಇಲ್ಲ. ರೇಸ್ ಮುಗಿದ ಮೇಲೆ ಗೆದ್ದ ಕುದುರೆಗಳ ಮೇಲೆ ಮಾತ್ರ ಹಣ ಕಟ್ಟಿದ್ದೀರಿ.

ಅರ್ಧವಿರಾಮ:
ಎರಡು ದಿನ ಬಿಟ್ಟು ಬರುತ್ತಿದ್ದೇನೆ. ಆಯಾ ವರ್ಷದ ಪಟ್ಟಿ ಹುಡುಕಿ ಹಾಕಿದೆ, 0.3 ಆಯ್ತು. ಕೊಳ್ಳುವ, ಮಾರುವ ಬೆಲೆಗಳ ನಡುವಿನ ಅಂತರ ಮತ್ತು ಕಮಿಷನ್ ಸೇರಿಸಿದೆ. ಸರಾಸರಿ ಗೆರೆಯ ಮೇಲೆ ಕೆಳಗೆ ಆಡುವ ದಿನಗಳಲ್ಲಿ ದಿನಾ ಕೊಂಡು ಮಾರಿ ಆಗುತ್ತಿದೆ, ಖರ್ಚೆಲ್ಲ ಅಲ್ಲೇ. ಈಗ ಮೈನಸ್ 0.2. ಇಷ್ಟು ನಿದ್ದೆಗೆಟ್ಟು ಕೆಲಸ ಮಾಡಿದ್ದು ಕಾಲೇಜಿನ ನಂತರ ಇದೇ ಮೊದಲು, ಅದೊಂದು ಖುಷಿ. ರೆಸ್ಯೂಮೆಯಲ್ಲಿ ಮಾತ್ರ ಹಾಕಲು ಏನೂ ಉಳಿಯಲಿಲ್ಲ.

ಟಿಕ್ ಟಿಕ್:
ಯಾಕೆ ಉಳಿಯಲಿಲ್ಲ? 3.1 ಎಂದು ಬರೆದ ರೆಸ್ಯೂಮೆ ನನ್ನ ಮೇಜಿಗೆ ತಿಂಗಳಿಗೆ ಹತ್ತು ಬರುತ್ತವೆ, ಪಕ್ಕಕ್ಕೆ ಇಡುತ್ತೇನೆ. 3.1 ಹೇಗೆ ಮೈನಸ್ 0.2 ಆಯ್ತು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದದ್ದು ಬಂದರೆ ಫೋನ್ ಮಾಡುತ್ತೇನೆ. ಕೋಡ್ ಜೊತೆಗೆ ಕಳಿಸಿ.

ನೇರಮಾತು:
ಅಂದರೆ ನಷ್ಟ ತೋರಿಸಿದರೆ ಕೆಲಸ ಸಿಗುತ್ತದೆ. ನಾನು ಬೇಕಾದಷ್ಟು ತೋರಿಸಬಲ್ಲೆ, ಅದೂ ಹಳೇ ಡೇಟಾ ಮೇಲಿನ ಬ್ಯಾಕ್‌ಟೆಸ್ಟ್ ಅಲ್ಲ, ನಿಜವಾದದ್ದು.

ಮಧ್ಯರಾತ್ರಿ ಡಿಪ್ಲಾಯ್:
@ಅರ್ಧವಿರಾಮ ಕಳಿಸುವ ಮುಂಚೆ ಒಂದು ಪ್ರಶ್ನೆ. ಸ್ಪ್ಲಿಟ್‌ಗೆ ಬೆಲೆ ಸರಿಹೊಂದಿಸಿದ್ದೀರಾ? ಒಂದು ಷೇರು ಹತ್ತಾಗಿ ಒಡೆದ ದಿನ ನಿಮ್ಮ ಡೇಟಾದಲ್ಲಿ 90% ಬಿದ್ದ ಹಾಗೆ ಕಾಣುತ್ತದೆ.

ಅರ್ಧವಿರಾಮ:
ಒಂದು ನಿಮಿಷ ಇರಿ.